ಐದು ರೂಪಾಯಿಗೆ ಹತ್ತು ಲಕ್ಷ ಕೊಡುವವರು ಯಾರು?

ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯ ಇದ್ದರೆ ಹತ್ತು ಲಕ್ಷ ಸಿಗುತ್ತದಂತೆ! ಇಂಥ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತು ಹೊಡೆಯುತ್ತಲೇ ಇರುತ್ತವೆ. ವೈಷ್ಣೋದೇವಿ ಮಂಡಳಿಯ ಬೆಳ್ಳಿಹಬ್ಬಕ್ಕೆ 2012ರ ಇಸವಿ ಹೊತ್ತು ಬಂದ ಆ ಐದು, ಹತ್ತು ರೂಪಾಯಿ ನಾಣ್ಯಗಳು ಸಾಮಾನ್ಯ ಚಲಾವಣೆಗೇ ಬಂದವು. ತರಕಾರಿ ಅಂಗಡಿಯ ಚಿಲ್ಲರೆಯಲ್ಲೂ ಕೈಗೆ ಬಂದಾವು. ಕರೆ ಮಾಡಿದವರಿಂದ ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ ಎಂದು ಕಿತ್ತುಕೊಳ್ಳುವುದೇ ಇದರ ಹಿಂದಿನ ದಂಧೆ. ತನ್ನ ಹೆಸರು, ಲಾಂಛನ ತೋರಿಸಿ ಹೀಗೆ ವಂಚಿಸುತ್ತಿದ್ದಾರೆಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಜನರನ್ನು ಎಚ್ಚರಿಸಿತ್ತು. ಹಳೆ ನೋಟು, ನಾಣ್ಯ ಕೊಳ್ಳುವ, ಮಾರುವ ವ್ಯವಹಾರ ಅದಕ್ಕಿಲ್ಲ.

ಹಾಗೆಂದು ಎಲ್ಲ ನಾಣ್ಯಕ್ಕೂ ಮುಖಬೆಲೆಯಷ್ಟೇ ಎಂದೂ ಅಲ್ಲ. ಕೆಲವಕ್ಕೆ ಹೆಚ್ಚು ಬೆಲೆ ಇದೆ. ಅದನ್ನು ಪತ್ತೆ ಮಾಡುವುದಕ್ಕೆ ಬೇಕಾದ ಸುಳಿವು ಬಹುಮಟ್ಟಿಗೆ ನಾಣ್ಯದ ಮೈಮೇಲೆಯೇ ಇರುತ್ತದೆ.

ಭೂತಗನ್ನಡಿ ಹಿಡಿದು ಮೊದಲು ಇಸವಿಯ ಕೆಳಗೆ ನೋಡಿ. ವಜ್ರದಾಕಾರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ವರ್ಷ, ಒಂದೇ ವಿನ್ಯಾಸವಾದರೂ ಎಲ್ಲ ಟಂಕಸಾಲೆಗಳೂ ಒಂದೇ ಪ್ರಮಾಣದಲ್ಲಿ ಅಚ್ಚು ಹಾಕಿರುವುದಿಲ್ಲ. ಕಡಿಮೆ ಹಾಕಿದ ಕಡೆಯದನ್ನು ಸಂಗ್ರಾಹಕರು ಹುಡುಕುತ್ತಾರೆ. 1985ರಲ್ಲಿ ಒಂದಿಷ್ಟು ರೂಪಾಯಿ ನಾಣ್ಯ ವಿದೇಶದಲ್ಲೂ ತಯಾರಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಬಂದವುಗಳ ಇಸವಿಯಡಿ ‘ಎಚ್’ ಅಕ್ಷರವಿದೆ. ಇದಕ್ಕೂ ಲಕ್ಷಗಟ್ಟಲೆ ಬೆಲೆ ಹೇಳುವ ವಿಡಿಯೊಗಳಿವೆ. ನಂಬಬೇಡಿ, ಆದರೆ ಸಿಕ್ಕರೆ ತೆಗೆದಿಡಿ.

ಹಳೆಯದಾದಷ್ಟೂ ಬೆಲೆ ಜಾಸ್ತಿ ಎನ್ನುವ ನಂಬಿಕೆಯೂ ನಿಲ್ಲುವುದಿಲ್ಲ. ಅಜ್ಜಿಯರ ಪೆಟ್ಟಿಗೆಯಲ್ಲಿ ಸಿಗುವ 1940ರ ದಶಕದ ತೂತಿನ ಕಾಸು ಈಗಲೂ ಧಾರಾಳವಾಗಿರುವುದರಿಂದ ಅಗ್ಗ. ಕಮಲದ ಚಿತ್ರದ ಹಳದಿ 20 ಪೈಸೆಯಲ್ಲಿ ಚಿನ್ನವಿದೆ ಎಂಬ ಗುಲ್ಲಿತ್ತು. ಅದು ತಾಮ್ರದ ಮಿಶ್ರಲೋಹ, ಅಷ್ಟೇ. ಇನ್ನು ಆರನೇ ಜಾರ್ಜ್‌ನ ಬೆಳ್ಳಿ ರೂಪಾಯಿ ನೋಡಿ. 1939ರದ್ದರಲ್ಲಿ ಬೆಳ್ಳಿ ಶೇ 91.7. ಯುದ್ಧದ ಕಾಲದಲ್ಲಿ ಬೆಳ್ಳಿಗೆ ಬರ ಬಂದು, 1940ರಿಂದ ಅದು ಅರ್ಧಕ್ಕಿಳಿಯಿತು. ತೂಕ ಮಾತ್ರ ಹಳೆಯದೇ, 11.66 ಗ್ರಾಂ. 1939ರದ್ದು ನಿಜವಾಗಿಯೂ ಅಪರೂಪ. ನಂತರದ ವರ್ಷಗಳವು ಬೇಕಾದಷ್ಟಿವೆ. ಅವಕ್ಕೆ ಹೆಚ್ಚಾಗಿ ಸಿಗುವುದು ಬೆಳ್ಳಿಯ ಬೆಲೆ ಮತ್ತು ಸ್ವಲ್ಪ ಮೇಲೆ.

ನಾಣ್ಯದಲ್ಲಿ ಬೆಳ್ಳಿ ಎಷ್ಟಿದೆ, ಅದು ಅಸಲಿಯೋ ನಕಲಿಯೋ ಎಂದು ತಿಳಿಯಲು ಆರ್ಕಿಮಿಡಿಸ್ ಉಪಯೋಗಕ್ಕೆ ಬರುತ್ತಾನೆ. ಗ್ರಾಮಿನ ನೂರರಲ್ಲೊಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು, ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯ ಎಷ್ಟು ನೀರಿನ ಜಾಗ ಹಿಡಿಯಿತೋ ಅಷ್ಟು ಗ್ರಾಂ ತಕ್ಕಡಿಯಲ್ಲಿ ಏರುತ್ತದೆ. ಹೆಚ್ಚು ಬೆಳ್ಳಿಯ ರೂಪಾಯಿಗೆ ಅದು ಸುಮಾರು 1.13, ಅರ್ಧ ಬೆಳ್ಳಿಯದಕ್ಕೆ 1.22. ಅದೇ ತೂಕಕ್ಕೆ ಎರಕ ಹೊಯ್ದು ಬೆಳ್ಳಿ ಬಳಿದ ತಾಮ್ರ-ನಿಕ್ಕಲ್ ನಕಲಾದರೆ 1.31ರ ಆಸುಪಾಸು. ಸವೆದ ನಾಣ್ಯದ ತೂಕ ತುಸು ಕಡಿಮೆಯಿದ್ದರೆ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು.

ನೀರಿನಲ್ಲಿ ಮುಳುಗಿಸಿದರೆ ಅಡ್ಡಿಯಿಲ್ಲ, ತಿಕ್ಕುವುದು ಮಾತ್ರ ಬೇಡ. ನಮ್ಮವರು ಹಳೆ ನಾಣ್ಯ ಕಂಡ ಕೂಡಲೇ ಹುಣಸೆಹಣ್ಣು ತರುತ್ತಾರೆ! ಟಂಕಸಾಲೆಯಲ್ಲಿ ಅಚ್ಚಿನ ಪೆಟ್ಟು ಬಿದ್ದಾಗ ಬಿಲ್ಲೆಯ (ಇನ್ನೂ ಚಿತ್ರ ಮೂಡದ ನಾಣ್ಯದ) ಲೋಹ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಸಾವಿರಾರು ಸಲ ಹೀಗೆ ಉಜ್ಜಿಸಿಕೊಂಡ ಅಚ್ಚಿನ ಮೈಮೇಲೆ ಅತಿ ಸೂಕ್ಷ್ಮ ಗೆರೆಗಳು ಮೂಡಿ, ಮುಂದಿನ ನಾಣ್ಯಗಳಿಗೂ ಇಳಿಯುತ್ತವೆ. ಹೊಸ ನಾಣ್ಯವನ್ನು ದೀಪದಡಿ ಓರೆಯಾಗಿ ತಿರುಗಿಸಿದರೆ, ಗ್ರಾಮಫೋನ್ ತಟ್ಟೆಯ ಮೇಲೆ ಓಡುವ ಹಾಗೆ ಬೆಳಕಿನ ಪಟ್ಟಿಯೊಂದು ಸುತ್ತುತ್ತದಲ್ಲ, ಅದು ಈ ಗೆರೆಗಳ ಕೆಲಸ. ಹುಳಿಯ ಆಮ್ಲ ಕಿಲುಬನ್ನು ಕರಗಿಸುವಾಗ ಈ ಗೆರೆಗಳೂ ಹೋಗುತ್ತವೆ. ಪುಡಿ ಹಾಕಿ ಉಜ್ಜಿದರಂತೂ ದಿಕ್ಕಾಪಾಲು ಗೀರು ಬೀಳುತ್ತದೆ. ಆಮೇಲೂ ನಾಣ್ಯ ಫಳಫಳ ಹೊಳೆಯಬಹುದು, ಆದರೆ ಆ ಸುತ್ತುವ ಪಟ್ಟಿ ಇರುವುದಿಲ್ಲ. ಬಲ್ಲವರು ಒಂದೇ ನೋಟಕ್ಕೆ ಗುರುತಿಸಿ ಬೆಲೆ ಇಳಿಸುತ್ತಾರೆ. ಪಿವಿಸಿ ಪ್ಲಾಸ್ಟಿಕ್ಕಿನ ಲಕೋಟೆಯೂ ಅಪಾಯವೇ. ಕಾಲ ಕಳೆದಂತೆ ಅದರಿಂದ ಹೊರಡುವ ಆಮ್ಲ ತಾಮ್ರದೊಡನೆ ಸೇರಿ ಹಸಿರು ಅಂಟಾಗುತ್ತದೆ.

ಚಲಾವಣೆಯ ಚಿಲ್ಲರೆಯಲ್ಲಿ ಇವತ್ತಿಗೂ ಅದೃಷ್ಟ ಖುಲಾಯಿಸುವ ಸಾಧ್ಯತೆ ಇರುವುದು ತಪ್ಪು ಅಚ್ಚಿನ ನಾಣ್ಯಗಳಲ್ಲಿ. ಆದರೆ ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಸುತ್ತಿಗೆಯಲ್ಲಿ ಜಜ್ಜಿದ್ದು, ಅರದಲ್ಲಿ ಉಜ್ಜಿದ್ದು ಇವ್ಯಾವೂ ಆ ಲೆಕ್ಕಕ್ಕೆ ಬರುವುದಿಲ್ಲ. ಟಂಕಸಾಲೆಯೊಳಗೇ ಆದ ಎಡವಟ್ಟಿಗೆ ಮಾತ್ರ ಬೆಲೆ. ಉದಾಹರಣೆಗೆ, ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೇ ಮತ್ತೆ ಕತ್ತರಿ ಬಿದ್ದರೆ, ಅಂಚನ್ನು ಕಚ್ಚಿ ತೆಗೆದಂಥ ಬಿಲ್ಲೆ ಬರುತ್ತದೆ. ಅಚ್ಚಿಗೆ ಹೋಗುವ ಮೊದಲು ಬಿಲ್ಲೆಗಳನ್ನು ಎರಡು ಬದಿಯಿಂದ ಒತ್ತಿ ಉರುಳಿಸಿ ಅಂಚು ಎಬ್ಬಿಸುತ್ತಾರೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಅದರ ನೇರ ಎದುರಿಗೂ ಒತ್ತಡ ಸಾಲದೆ ಅಂಚು ಮಂಕಾಗುತ್ತದೆ. ಮನೆಯಲ್ಲಿ ಅರ ಹಾಕಿದವನಿಗೆ ಇದು ಗೊತ್ತಿರುವುದಿಲ್ಲ. ಅವನ ನಾಣ್ಯದ ಎದುರು ಅಂಚು ಗಟ್ಟಿಯಾಗಿಯೇ ಇರುತ್ತದೆ. ಕಚ್ಚಿದ ನಾಣ್ಯ ಕೈಗೆ ಬಂದರೆ ನಾನು ಕಚ್ಚಿದ ಜಾಗಕ್ಕಿಂತ ಮೊದಲು ಅದರ ಎದುರಿನ ಜಾಗ ನೋಡುತ್ತೇನೆ.

ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂಬದಿಯೂ ನೆಟ್ಟಗೆ ನಿಲ್ಲಬೇಕು. ತುಸು ವಾಲಿದರೆ ಯಾರಿಗೂ ಬೇಡ. ಅಡ್ಡಡ್ಡವಾಗಿಯೋ ತಲೆಕೆಳಗಾಗಿಯೋ ಇದ್ದರೆ ಬೇಡಿಕೆ ಇದೆ. ಎರಡೂ ಬದಿಗೆ ಒಂದೇ ಚಿತ್ರವಿದ್ದರೆ ಅಂಚಿನ ಒಳಮೈಯಲ್ಲಿ ಬೆಸುಗೆಯ ಸಂದು ಹುಡುಕಿ. ಜಾದೂಗಾರರ ನಾಣ್ಯಗಳು ಹಾಗೆ ತಯಾರಾಗುತ್ತವೆ.

ಬೆಲೆ ನೋಡುವಾಗ ಮಾರುವವರು ಬರೆದುಕೊಂಡ ಅಂಕಿಯನ್ನು ಬಿಟ್ಟು, ಅದೇ ಇಸವಿಯ, ಅದೇ ಟಂಕಸಾಲೆಯ, ಅಷ್ಟೇ ಸವೆದ ನಾಣ್ಯ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತೆಂದು ಹುಡುಕಿ. ವ್ಯಾಪಾರಿ ಅದಕ್ಕಿಂತ ಕಡಿಮೆಯನ್ನೇ ಕೊಡುತ್ತಾನೆ. ಅವನೂ ಅದನ್ನು ಮತ್ತೊಬ್ಬರಿಗೆ ಮಾರಬೇಕಲ್ಲ.