15 ವರ್ಷದ ಗೆರೆ ದಾಟುವ ಮೊದಲೇ ನಗರಸಭೆಯ ಗಾಡಿ ಮಾರಬೇಕು

ನಗರಸಭೆಯ ಹಿಂಬದಿ ಬಯಲಿನಲ್ಲಿ ಟಯರ್ ಇಲ್ಲದೆ ಕೂತ ಕಸದ ಟಿಪ್ಪರ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇದನ್ನು ಮಾರಿ ನಾಲ್ಕು ಕಾಸು ಮಾಡಿಕೊಳ್ಳಬಾರದೇ? ಮಾರಬಹುದು. ಆದರೆ ಮಾರುವುದಕ್ಕೆ ಹತ್ತು ಸಹಿ ಬೇಕು, ಮಾರದೆ ಬಿಡುವುದಕ್ಕೆ ಒಂದೂ ಬೇಡ. ಸ್ಥಳೀಯ ಸಂಸ್ಥೆಗಳ ಹಳೆಯ ವಾಹನ, ಯಂತ್ರಗಳಿಗೆ ಬೆಲೆ ಕಟ್ಟುವುದು ನನ್ನ ವೃತ್ತಿ. ಹರಾಜಿನಲ್ಲಿ ಗುಜರಿಯವರು ಕೂಡಿಕೊಂಡು ಮೋಸ ಮಾಡುತ್ತಾರೆ ಎಂಬ ಮಾತು ಪ್ರತಿ ಊರಿನಲ್ಲೂ ಕೇಳಿಬರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಆದರೂ ನಾನು ಕಂಡಂತೆ ನಗರದ ದುಡ್ಡು ಹೆಚ್ಚಾಗಿ ಸೋರಿಹೋಗುವುದು ಹರಾಜಿನ ದಿನವಲ್ಲ, ಗಾಡಿ ನಿಂತ ದಿನಕ್ಕೂ ಹರಾಜಿಗೂ ನಡುವಿನ ವರ್ಷಗಳಲ್ಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪೊಲೀಸ್ ಠಾಣೆಯ ಮುಂದೆ ತುಕ್ಕು ಹಿಡಿಯುವ ಗಾಡಿಗಳ ಕಥೆ ಬೇರೆ. ಅವು ಪ್ರಕರಣದ ವಸ್ತುಗಳು, ಅವುಗಳ ವಿಲೇವಾರಿ ನ್ಯಾಯಾಲಯದ ಆದೇಶಕ್ಕೆ ಕಟ್ಟುಬಿದ್ದಿದೆ. ಅಂಥವನ್ನು 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಠಾಣೆಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ. ಪಾಲನೆ ಹೇಗಿದೆ ಎಂಬುದನ್ನು ಠಾಣೆಯ ಮುಂದೆ ಹಾದುಹೋಗುವವರು ಬಲ್ಲರು. ನಾನಿಲ್ಲಿ ಹೇಳುತ್ತಿರುವುದು ನಗರದ ಸ್ವಂತ ಆಸ್ತಿಯ ಬಗ್ಗೆ: ಆಟೊ ಟಿಪ್ಪರ್, ಟ್ರ್ಯಾಕ್ಟರ್, ಕಾಂಪ್ಯಾಕ್ಟರ್, ಸಕ್ಕಿಂಗ್ ಯಂತ್ರ, ನೀರಿನ ಟ್ಯಾಂಕರ್, ಅಧಿಕಾರಿಗಳ ಜೀಪು, ಪಂಪ್‌ಸೆಟ್, ಬೀದಿ ದೀಪ.

ಇವುಗಳಲ್ಲಿ ಕೆಲವು ಕೆಟ್ಟು ನಿಂತವು, ಕೆಲವು ಚೆನ್ನಾಗಿಯೇ ಓಡುತ್ತಿದ್ದರೂ ಕೆಲಸವಿಲ್ಲದವು. ಕಸ ಸಾಗಣೆಯನ್ನು ಗುತ್ತಿಗೆಗೆ ಕೊಟ್ಟ ಮರುದಿನವೇ ನಗರಸಭೆಯ ಟ್ರ್ಯಾಕ್ಟರ್‌ಗಳಿಗೆ ಕೆಲಸವಿಲ್ಲ. ಅಂಥದ್ದನ್ನು ಮಾರುವ ಮೊದಲು ಪಕ್ಕದ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಬೇಕೇ ಎಂದು ಕೇಳಬೇಕು. ಕೇಳುವವರು ಕಡಿಮೆ.

ಕೆಟ್ಟ ಗಾಡಿಯ ದಾರಿ ಉದ್ದ. ಚಾಲಕ ದೂರು ಬರೆಯುತ್ತಾನೆ, ವರ್ಕ್‌ಶಾಪ್ ರಿಪೇರಿಯ ಅಂದಾಜು ಕೊಡುತ್ತದೆ. ರಿಪೇರಿ ಖರ್ಚು ಗಾಡಿಯ ಬೆಲೆಯನ್ನೇ ಮೀರಿಸುವಂತಿದ್ದರೆ ತಾಂತ್ರಿಕ ತಪಾಸಣೆ ನಡೆದು, ಇದು ಇನ್ನು ಬಳಕೆಗೆ ಯೋಗ್ಯವಲ್ಲ ಎಂಬ ವರದಿ ಬರುತ್ತದೆ. ಕಚೇರಿ ಭಾಷೆಯಲ್ಲಿ ಗಾಡಿ ‘ಕಂಡೆಮ್’ ಆಯಿತು. ಆಮೇಲೆ ಸಂಸ್ಥೆಯ ದರ್ಜೆಯನ್ನೂ ಮೊತ್ತವನ್ನೂ ನೋಡಿಕೊಂಡು ಸಮಿತಿ, ಸಭೆಯ ನಿರ್ಣಯ, ಮೇಲಿನವರ ಮಂಜೂರಾತಿ. ಅದಾದ ಮೇಲೆ ಬೆಲೆ ನಿಗದಿ, ಕೊನೆಗೆ ಹರಾಜು. ಪೌರಾಯುಕ್ತರು ವರ್ಗವಾದರೆ ಕಡತ ಮತ್ತೆ ಮೊದಲ ಪುಟದಿಂದ. ಚುನಾವಣೆಯ ನೀತಿಸಂಹಿತೆ ಬಂದರೆ ಸಭೆಯೇ ಇಲ್ಲ.

ಈ ವಿಳಂಬ ಹಿಂದೆ ತುಕ್ಕಿನ ಲೆಕ್ಕದಲ್ಲಿ ಮಾತ್ರ ನಷ್ಟ ತರುತ್ತಿತ್ತು. ಈಗ ಅದಕ್ಕೆ ಖಚಿತವಾದ ತಾರೀಖು ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2023ರ ಜನವರಿಯಲ್ಲಿ ತಿದ್ದುಪಡಿ ಬಂತು, ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಯಾಯಿತು. ಕೇಂದ್ರ, ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ, ಸಾರಿಗೆ ನಿಗಮ, ಸಾರ್ವಜನಿಕ ಉದ್ದಿಮೆ ಇವುಗಳ ಯಾವುದೇ ವಾಹನಕ್ಕೆ ಮೊದಲ ನೋಂದಣಿಯಿಂದ 15 ವರ್ಷ ತುಂಬಿದರೆ ನೋಂದಣಿ ನವೀಕರಣವಿಲ್ಲ. ರಕ್ಷಣೆ, ಕಾನೂನು ಸುವ್ಯವಸ್ಥೆಗೆ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಗೆರೆ ದಾಟಿದ ಗಾಡಿಯನ್ನು ನೋಂದಾಯಿತ ಗುಜರಿ ಘಟಕಕ್ಕೇ ಕೊಡಬೇಕು. ಇಂಥ ಘಟಕಗಳಿಗೆ 2021ರ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ನಿಯಮ ಬಂದಿದೆ. ಗಾಡಿ ಒಳಗೆ ಹೋದಾಗ ಅದನ್ನು ಒಪ್ಪಿಸಿಕೊಂಡದ್ದಕ್ಕೆ ಠೇವಣಿ ಪ್ರಮಾಣಪತ್ರ, ಒಡೆದು ಮುಗಿದ ಮೇಲೆ ಗುಜರಿ ಪ್ರಮಾಣಪತ್ರ ಕೊಡುವುದು ಅವರ ಹೊಣೆ.

ಇದರ ಅರ್ಥ ಏನೆಂದು ಎರಡು ಟಿಪ್ಪರ್ ಇಟ್ಟುಕೊಂಡು ನೋಡಿ. ಒಂದೇ ವರ್ಷ ಕೊಂಡದ್ದು, ಒಂದೇ ಮಾದರಿ. ಒಂದನ್ನು 13ನೆಯ ವರ್ಷದಲ್ಲಿ ಹರಾಜಿಗಿಟ್ಟರೆ ಇಟ್ಟಿಗೆ ಗೂಡಿನವರು, ಸಣ್ಣ ಗುತ್ತಿಗೆದಾರರು, ಗ್ಯಾರೇಜಿನವರು ಬರುತ್ತಾರೆ. ಅವರು ಎಂಜಿನ್ ಸದ್ದು ಕೇಳಿ, ಗೇರ್ ಹಾಕಿ ನೋಡಿ, ಓಡುವ ಗಾಡಿಯ ಬೆಲೆ ಕೂಗುತ್ತಾರೆ. ಇನ್ನೊಂದರ ಕಡತ ಮೇಜಿನಿಂದ ಮೇಜಿಗೆ ಹೋಗುತ್ತ 15 ದಾಟಿತು ಎನ್ನಿ. ಆಗ ಕೊಳ್ಳುವವರು ಗುಜರಿ ಘಟಕದವರು ಮಾತ್ರ, ಬೆಲೆ ಕಬ್ಬಿಣದ ತೂಕಕ್ಕೆ. ಎಂಜಿನ್ ಮುತ್ತಿನಂತಿದ್ದರೂ ಅದಕ್ಕೆ ಕಾಸಿಲ್ಲ. ಆದ್ದರಿಂದ ಪ್ರತಿ ಸಂಸ್ಥೆಗೂ ನಾನು ಕೊಡುವ ಸಲಹೆ ಒಂದೇ: ವಾಹನ ರಿಜಿಸ್ಟರ್‌ನಲ್ಲಿ 12 ವರ್ಷ ತುಂಬಿದವುಗಳ ಪಟ್ಟಿಯನ್ನು ಪ್ರತಿ ಏಪ್ರಿಲ್‌ನಲ್ಲಿ ತೆಗೆಯಿರಿ, ಕಡತವನ್ನು ಆಗಲೇ ಶುರು ಮಾಡಿ.

ಶುರು ಮಾಡುವುದಿಲ್ಲ. ಕಾರಣ ಸೋಮಾರಿತನ ಎಂದು ಹೇಳಿ ಮುಗಿಸುವುದು ಅನ್ಯಾಯ. ಓಡುತ್ತಿದ್ದ ಗಾಡಿಯನ್ನು ಒಬ್ಬ ಅಧಿಕಾರಿ ಮೂರು ಲಕ್ಷಕ್ಕೆ ಮಾರಿದ ಎಂದುಕೊಳ್ಳಿ. ಇನ್ನೂ ಹೆಚ್ಚು ಬರಬಹುದಿತ್ತು ಎಂದು ಲೆಕ್ಕಪರಿಶೋಧನೆಯವರು ಆಕ್ಷೇಪ ಬರೆದರೆ ಅದು ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ. ಅದೇ ಗಾಡಿ ಬಯಲಿನಲ್ಲಿ ಕೊಳೆತು ಐವತ್ತು ಸಾವಿರಕ್ಕೆ ಇಳಿದರೆ ಕೇಳುವವರಿಲ್ಲ. ಆ ನಷ್ಟಕ್ಕೆ ಒಬ್ಬನ ಹೆಸರು ಅಂಟಿಕೊಳ್ಳುವುದಿಲ್ಲ. ಇಂಥ ವ್ಯವಸ್ಥೆಯಲ್ಲಿ ಸುಮ್ಮನಿರುವುದೇ ಜಾಣತನ. ಗಾಡಿ ನಿಂತ ದಿನಾಂಕ, ಕಂಡೆಮ್ ಆದ ದಿನಾಂಕ, ಮಾರಾಟದ ದಿನಾಂಕ ಈ ಮೂರನ್ನೂ ಲೆಕ್ಕಪರಿಶೋಧನೆಯವರು ಒಂದೇ ಸಾಲಿನಲ್ಲಿ ಬರೆಸಿಕೊಳ್ಳಲು ಶುರು ಮಾಡಿದರೆ ಅರ್ಧ ಕಡತಗಳು ತಾವಾಗಿಯೇ ಓಡುತ್ತವೆ.

ಇನ್ನು ಬೆಲೆ ಕಟ್ಟುವ ಕೆಲಸ. ಆಸ್ತಿ ರಿಜಿಸ್ಟರ್‌ನಲ್ಲಿ ಸವಕಳಿ ಕಳೆದು ಗಾಡಿಯ ಬೆಲೆ ಒಂದು ರೂಪಾಯಿ ಎಂದು ಬರೆದಿರಬಹುದು. ಅದು ಲೆಕ್ಕದ ಮಾತು, ಮಾರುಕಟ್ಟೆಗೆ ಸಂಬಂಧವಿಲ್ಲ. ನಾನು ಮೊದಲು ಕೇಳುವುದು ಆರ್‌ಸಿ. ಅದರಲ್ಲಿ ಖಾಲಿ ಗಾಡಿಯ ತೂಕ ಇರುತ್ತದೆ, ಗುಜರಿ ಲೆಕ್ಕಕ್ಕೆ ಅದೇ ಬುನಾದಿ. ಆರ್‌ಸಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡುತ್ತೇನೆ. ಪಟ್ಟಣ ಪಂಚಾಯಿತಿ ಪುರಸಭೆಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಗಾಡಿ ಹಳೆಯ ಹೆಸರಿನಲ್ಲೇ ಇರುತ್ತದೆ. ಒಂದೇ ಆಗಿದ್ದ ಬೆಂಗಳೂರಿನ ಪಾಲಿಕೆ 2025ರ ಸೆಪ್ಟೆಂಬರ್‌ನಲ್ಲಿ ಐದಾಯಿತು. ಅಲ್ಲಿಯೂ ಹಳೆಯ ಗಾಡಿಗಳನ್ನು ಮಾರಲು ಹೊರಟಾಗ ಮೊದಲು ನೋಡಬೇಕಾದದ್ದು ಈ ಹೆಸರನ್ನೇ. ಟ್ರ್ಯಾಕ್ಟರ್ ಇದ್ದರೆ ಟ್ರೈಲರ್‌ನ ಆರ್‌ಸಿ ಎಲ್ಲಿ ಎಂದು ಕೇಳುತ್ತೇನೆ. ಟ್ರೈಲರ್‌ಗೆ ಪ್ರತ್ಯೇಕ ನೋಂದಣಿ ಇರುತ್ತದೆ ಎಂಬುದೇ ಹಲವು ಕಚೇರಿಗಳಿಗೆ ಮರೆತುಹೋಗಿರುತ್ತದೆ.

ಆಮೇಲೆ ಗಾಡಿಯ ಬಳಿ ಹೋಗುತ್ತೇನೆ. ಚಾಸಿ ನಂಬರ್ ಕೆತ್ತಿರುವ ಕಡೆ ಕೆಸರು ಕೆರೆದು, ಸೀಮೆಸುಣ್ಣ ಉಜ್ಜಿ ಓದಬೇಕು. ಬಾನೆಟ್ ಎತ್ತಿದರೆ ಬ್ಯಾಟರಿಯ ಜಾಗದಲ್ಲಿ ಎರಡು ತಂತಿ ನೇತಾಡುತ್ತಿರುತ್ತವೆ. ನಿಂತ ಗಾಡಿಯಿಂದ ಮೊದಲು ಕಾಣೆಯಾಗುವುದು ಬ್ಯಾಟರಿ, ನಂತರ ಸ್ಟೆಪ್ನಿ, ರೇಡಿಯೇಟರ್, ಆಲ್ಟರ್ನೇಟರ್, ಸೆಲ್ಫ್ ಮೋಟರ್. ಟಿಪ್ಪರ್ ಆದರೆ ಹೈಡ್ರಾಲಿಕ್ ಜಾಕ್. ಕೆಲವನ್ನು ಬೇರೆ ಗಾಡಿಗೆ ಹಾಕಿರುತ್ತಾರೆ, ಅದು ತಪ್ಪಲ್ಲ, ಲಾಗ್‌ಬುಕ್‌ನಲ್ಲಿ ಬರೆಯದಿರುವುದು ತಪ್ಪು. ಗಾಡಿ ಕಂಡೆಮ್ ಆದ ದಿನವೇ ಬಿಡಿಭಾಗಗಳ ಪಟ್ಟಿ ಮಾಡಿ, ನಾಲ್ಕು ಕಡೆಯಿಂದ ಫೋಟೊ ತೆಗೆದು, ಉಗ್ರಾಣಿಕನಿಂದ ಸಹಿ ಹಾಕಿಸಿದ್ದರೆ ನನ್ನ ವರದಿ ಒಂದು ಪುಟ. ಇಲ್ಲದಿದ್ದರೆ ‘ಇದ್ದಲ್ಲಿ ಇದ್ದ ಸ್ಥಿತಿಯಲ್ಲಿ’ ಎಂದು ಬರೆದು ಕೈತೊಳೆದುಕೊಳ್ಳಬೇಕು. ಆ ಮೂರು ಪದದಲ್ಲಿ ಎಷ್ಟು ಸಾಮಾನು ಮಾಯವಾಗಿದೆಯೋ ದೇವರೇ ಬಲ್ಲ.

ಹರಾಜು ಹಿಂದೆ ಕಚೇರಿ ಅಂಗಳದಲ್ಲಿ ನಡೆಯುತ್ತಿತ್ತು. ಬಂದವರು ಮೊದಲೇ ಚಹಾ ಅಂಗಡಿಯಲ್ಲಿ ಕೂತು ತೀರ್ಮಾನ ಮಾಡಿಕೊಂಡು, ಇಲ್ಲಿ ಒಬ್ಬ ಮಾತ್ರ ಸವಾಲು ಕೂಗಿ, ಸಂಜೆ ತಮ್ಮೊಳಗೆ ಮರುಹರಾಜು ಹಾಕಿಕೊಂಡು ಲಾಭ ಹಂಚಿಕೊಳ್ಳುತ್ತಿದ್ದರು. ಈಗ ಕೇಂದ್ರದ ಉಕ್ಕು ಸಚಿವಾಲಯದ ಅಧೀನದ ಎಂಎಸ್‌ಟಿಸಿ ಕಂಪನಿಯ ಮೂಲಕ, ಇಲ್ಲವೇ ಸರ್ಕಾರಿ ಇ-ಮಾರುಕಟ್ಟೆಯಾದ ಜೆಮ್ ಮೂಲಕ ಆನ್‌ಲೈನ್ ಹರಾಜು ಮಾಡಬಹುದು. ದೂರದ ಊರಿನವರೂ ಕೂಗಬಹುದಾದ್ದರಿಂದ ಚಹಾ ಅಂಗಡಿಯ ಕೂಟ ದುರ್ಬಲವಾಗಿದೆ, ಸತ್ತಿಲ್ಲ. ಗಾಡಿ ನೋಡಲು ಬಂದವರಿಗೆ ಗೇಟಿನಲ್ಲಿ ಕೀಲಿ ಸಿಗದಂತೆ ಆ ಕೂಟದವರು ನೋಡಿಕೊಂಡರೆ ಸಾಕು, ಹೊರಗಿನವರು ಕುರುಡಾಗಿ ಕೂಗುವುದಿಲ್ಲ. ಪರಿಶೀಲನೆಯ ದಿನ ಯಾರು ಬಂದರು, ಯಾರಿಗೆ ತೋರಿಸಿದಿರಿ ಎಂಬ ವಹಿ ಇಡಿ ಎಂದು ನಾನು ಒತ್ತಾಯಿಸುವುದು ಅದಕ್ಕೇ.

ಗಾಡಿಗಾದರೂ ನಂಬರ್ ಪ್ಲೇಟ್ ಇದೆ. ಉಪಕರಣಗಳಿಗೆ ಅದೂ ಇಲ್ಲ. ಎಲ್‌ಇಡಿ ಬಂದ ಮೇಲೆ ಇಳಿಸಿದ ಸೋಡಿಯಂ ದೀಪಗಳು, ಚೋಕ್‌ಗಳು, ನೀರು ಸರಬರಾಜಿನ ಹಳೆಯ ವಾಲ್ವ್‌ಗಳು, ಸುಟ್ಟ ಮೋಟರ್‌ಗಳು ಎಲ್ಲವನ್ನೂ ಒಂದು ಮೂಲೆಗೆ ಸುರಿದು ‘ಮಿಶ್ರ ಗುಜರಿ, ಒಂದು ಲಾಟ್’ ಎಂದು ಕಬ್ಬಿಣದ ದರದಲ್ಲಿ ಮಾರಿಬಿಡುತ್ತಾರೆ. ಚೋಕ್ ಬಿಚ್ಚಿದರೆ ಒಳಗೆ ತಾಮ್ರದ ಸುರುಳಿ ಇರಬಹುದು, ಮೋಟರ್‌ನಲ್ಲಿ ಅದು ಇನ್ನೂ ಹೆಚ್ಚು, ವಾಲ್ವ್‌ನಲ್ಲಿ ಹಿತ್ತಾಳೆ ಅಥವಾ ಗನ್‌ಮೆಟಲ್. ಕೊಳ್ಳುವವನಿಗೆ ಗೊತ್ತು, ಮಾರುವವನಿಗೆ ಗೊತ್ತಿಲ್ಲ, ಅಥವಾ ಗೊತ್ತಿಲ್ಲದಂತೆ ಇರುತ್ತಾನೆ. ತಾಮ್ರ, ಹಿತ್ತಾಳೆ, ಕಬ್ಬಿಣ ಬೇರೆ ಬೇರೆ ಲಾಟ್ ಮಾಡಲು ಎರಡು ಕೂಲಿಯಾಳು ಸಾಕು. ಸೋಡಿಯಂ ದೀಪದಲ್ಲಿ ಪಾದರಸ ಇರುವುದರಿಂದ ಅದನ್ನು ಒಡೆಯಲೂ ಬಾರದು, ಗುಜರಿಗೆ ಸೇರಿಸಲೂ ಬಾರದು. ಹಳೆಯ ಕಂಪ್ಯೂಟರ್, ಯುಪಿಎಸ್‌ಗಳು 2022ರ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಬ್ಯಾಟರಿಗೂ ಅದೇ ವರ್ಷದ ಬೇರೆ ನಿಯಮವಿದೆ.

ಹಳೆಯ ಗಾಡಿಗೆ ಹೊಸ ಕೆಲಸ ಕೊಡುವ ಉತ್ಸಾಹವೂ ಆಗಾಗ ಬರುತ್ತದೆ. 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾಡಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಒಳ್ಳೆಯ ಯೋಚನೆ. ಆದರೆ ಅಂಥದ್ದಕ್ಕೆ ನೀರು, ಶುಚಿತ್ವ, ದಿನವೂ ನೋಡಿಕೊಳ್ಳುವ ಒಬ್ಬರು ಬೇಕು. ಅವರಿಗೆ ಸಂಬಳ ಎಲ್ಲಿಂದ ಎಂದು ತೀರ್ಮಾನವಾಗದಿದ್ದರೆ ಗಾಡಿಯನ್ನು ಮಾರಿಬಿಡುವುದೇ ಲೇಸು.

ಮಾರಿದ ಮೇಲಿನ ಕೆಲಸವನ್ನು ಯಾರೂ ಕೆಲಸವೆಂದೇ ಲೆಕ್ಕಿಸುವುದಿಲ್ಲ. ನೋಂದಾಯಿತ ವ್ಯಾಪಾರಿಗೆ ಸ್ಥಳೀಯ ಸಂಸ್ಥೆ ಹಳೆಯ ವಾಹನ, ಗುಜರಿ ಮಾರಿದಾಗ ಜಿಎಸ್‌ಟಿ ಕಟ್ಟುವ ಹೊಣೆ ಕೊಳ್ಳುವವನದು. ಇದು 2017ರ ಅಕ್ಟೋಬರ್‌ನಿಂದ ಇರುವ ನಿಯಮ, ಆದರೂ ಲೆಕ್ಕ ಶಾಖೆಯಲ್ಲಿ ಪ್ರತಿ ಬಾರಿ ಚರ್ಚೆ. ಓಡುವ ಗಾಡಿಯನ್ನು ಹರಾಜಿನಲ್ಲಿ ಕೊಂಡವನು 30 ದಿನದೊಳಗೆ ನಮೂನೆ 32ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ದುಡ್ಡು ಬಂತು, ಗೇಟ್ ಪಾಸ್ ಕೊಟ್ಟಾಯಿತು, ಗಾಡಿ ಹೋಯಿತು ಎಂದು ಕಚೇರಿ ಮರೆತುಬಿಡುತ್ತದೆ. ಅಪಘಾತವಾದಾಗ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಬಾಗಿಲ ಮೇಲಿನ ನಗರಸಭೆಯ ಹೆಸರನ್ನು ಬಣ್ಣ ಬಳಿದು ಅಳಿಸಿದ ಮಾತ್ರಕ್ಕೆ ಆರ್‌ಟಿಒ ದಾಖಲೆ ಅಳಿಯುವುದಿಲ್ಲ. ಅದಕ್ಕೆ ನನ್ನ ವರದಿಯ ಕೊನೆಯಲ್ಲಿ ಒಂದು ಷರತ್ತು ಸೇರಿಸುತ್ತೇನೆ: ಕೊಳ್ಳುವವನು ಹರಾಜಿಗೆ ಕಟ್ಟಿದ ಠೇವಣಿ ಹಣದ ಒಂದು ಪಾಲನ್ನು ಹೆಸರು ವರ್ಗಾವಣೆಯಾದ ಆರ್‌ಸಿ ಪ್ರತಿಯೋ ಗುಜರಿ ಪ್ರಮಾಣಪತ್ರವೋ ಕೈಸೇರಿದ ಮೇಲೆ ಮಾತ್ರ ಹಿಂತಿರುಗಿಸಬೇಕು.