ಸಿಟಿ ಸ್ಕ್ಯಾನ್ ಎಂಬ ಲೆಕ್ಕ

ತಲೆಗೆ ಪೆಟ್ಟಾದವರ ಸಿಟಿ ಸ್ಕ್ಯಾನ್ ಮುಗಿದ ಕೂಡಲೇ ಮನೆಯವರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ಪರಿಚಯದ ಡಾಕ್ಟರಿಗೆ ವಾಟ್ಸಾಪ್ ಮಾಡುತ್ತಾರೆ. 'ಸಾರ್, ಸ್ವಲ್ಪ ನೋಡಿ ಹೇಳಿ, ಏನೂ ತೊಂದ್ರೆ ಇಲ್ಲ ಅಲ್ವಾ?' ರೇಡಿಯಾಲಜಿಸ್ಟ್ ಆಗಿರುವ ನನಗೂ ಇಂಥ ಮೆಸೇಜ್ ಬರುತ್ತಲೇ ಇರುತ್ತವೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಫೋಟೊ ನೋಡಿ 'ಏನೂ ಇಲ್ಲ' ಎಂದು ಧೈರ್ಯವಾಗಿ ಹೇಳೋಕಾಗಲ್ಲ. ಅದಕ್ಕೆ ಕಾರಣ ಮೊಬೈಲ್ ಕ್ಯಾಮೆರಾದಲ್ಲಿಲ್ಲ, ಸಿಟಿ ಯಂತ್ರ ಕೆಲಸ ಮಾಡುವ ರೀತಿಯಲ್ಲಿದೆ. ಆ ಯಂತ್ರ ಫೋಟೊ ತೆಗೆಯುವುದೇ ಇಲ್ಲ. ಅಳೆಯುತ್ತದೆ, ಲೆಕ್ಕ ಮಾಡುತ್ತದೆ. ಫಿಲ್ಮಿನ ಮೇಲೆ ಕಾಣುವುದು ಆ ಲೆಕ್ಕದ ಒಂದು ತುಣುಕು ಮಾತ್ರ.

1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಮುಕ್ಕಾಲು ಶತಮಾನ ಡಾಕ್ಟರುಗಳು ನೋಡಿದ್ದು ನೆರಳನ್ನು. ತಲೆಯ ಎಕ್ಸ್-ರೇ ತೆಗೆದರೆ ಬುರುಡೆ ಚೆನ್ನಾಗಿ ಕಾಣುತ್ತದೆ, ಮಿದುಳು ಕಾಣುವುದಿಲ್ಲ. ಒಳಗಿನ ಗೆಡ್ಡೆ ಪತ್ತೆ ಮಾಡಬೇಕೆಂದರೆ ಬೆನ್ನಿಗೆ ಸೂಜಿ ಚುಚ್ಚಿ, ಮಿದುಳಿನ ಸುತ್ತಲಿನ ನೀರು ತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುತ್ತಿದ್ದರು. ರೋಗಿಗೆ ವಿಪರೀತ ತಲೆನೋವು, ವಾಂತಿ. ಇಷ್ಟೆಲ್ಲಾ ಆದ ಮೇಲೂ ಗೆಡ್ಡೆ ನೇರವಾಗಿ ಕಾಣುತ್ತಿರಲಿಲ್ಲ. ಗಾಳಿ ತುಂಬಿದ ಜಾಗ ಎತ್ತ ಸರಿದಿದೆ ಎಂದು ನೋಡಿ ಊಹೆ ಮಾಡಬೇಕಿತ್ತು.

ಇದನ್ನು ಬದಲಿಸಿದವರು ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಅವರು ಡಾಕ್ಟರ್ ಅಲ್ಲ, ಎಂಜಿನಿಯರ್. ಹಳ್ಳಿಯ ತೋಟದಲ್ಲಿ ಬೆಳೆದವರು, ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಯುದ್ಧದ ಕಾಲದಲ್ಲಿ ವಾಯುಪಡೆಯಲ್ಲಿ ರೇಡಾರ್ ಕೆಲಸ ಕಲಿತರು. ಮುಂದೆ ಇಎಂಐ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿ ಸೇರಿ ಕಂಪ್ಯೂಟರ್ ಕಟ್ಟಿದರು. ಒಂದು ಪೆಟ್ಟಿಗೆಯ ಮೂಲಕ ಎಲ್ಲಾ ದಿಕ್ಕಿನಿಂದಲೂ ಕಿರಣ ಹಾಯಿಸಿ, ಎಷ್ಟು ಕಿರಣ ಹೊರಬಂತು ಎಂದು ಅಳೆದರೆ, ಪೆಟ್ಟಿಗೆ ಬಿಚ್ಚದೆ ಒಳಗಿರುವುದನ್ನು ತಿಳಿಯಬಹುದಲ್ಲ ಎಂದು 1967ರ ಹೊತ್ತಿಗೆ ಅವರಿಗೆ ಹೊಳೆಯಿತು.

ನಾಲ್ಕು ಮನೆಗಳ ಒಂದು ಚೌಕ ಬರೆದು ಇದನ್ನು ನೀವೇ ಮಾಡಿ ನೋಡಬಹುದು. ಮೇಲಿನ ಸಾಲಿನಲ್ಲಿ 3 ಮತ್ತು 5, ಕೆಳಗೆ 2 ಮತ್ತು 7. ಈಗ ಅಂಕಿಗಳನ್ನು ಮುಚ್ಚಿಟ್ಟು ಮೊತ್ತ ಮಾತ್ರ ಹೇಳಿ: ಅಡ್ಡ ಸಾಲುಗಳ ಮೊತ್ತ 8 ಮತ್ತು 9, ಉದ್ದ ಸಾಲುಗಳ ಮೊತ್ತ 5 ಮತ್ತು 12. ಇಷ್ಟರಿಂದ ಒಳಗಿನ ಅಂಕಿ ಗೊತ್ತಾಗುತ್ತದೆಯೇ? ಇಲ್ಲ. ಮೇಲೆ 4 ಮತ್ತು 4, ಕೆಳಗೆ 1 ಮತ್ತು 8 ಇಟ್ಟರೂ ಅದೇ ಮೊತ್ತ ಬರುತ್ತದೆ. ಇನ್ನೊಂದು ದಿಕ್ಕಿನಿಂದ ಅಳೆಯಿರಿ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಮೊತ್ತ 10 ಎಂದು ಗೊತ್ತಾದ ತಕ್ಷಣ ಎರಡನೇ ಉತ್ತರ ಬಿದ್ದುಹೋಗುತ್ತದೆ, ಏಕೆಂದರೆ ಅಲ್ಲಿ 12 ಬರುತ್ತದೆ. ಉಳಿಯುವುದು ಒಂದೇ ಉತ್ತರ.

ಸಿಟಿ ಯಂತ್ರ ನಿಮ್ಮ ಸುತ್ತ ಸುತ್ತುವುದು ಇದಕ್ಕೇ. ಪ್ರತಿ ಕಿರಣವೂ ದೇಹದೊಳಗಿನ ಒಂದು ಸಾಲು ಒಟ್ಟು ಎಷ್ಟು ಕಿರಣ ತಡೆಯಿತು ಎಂಬ ಮೊತ್ತ ಹೇಳುತ್ತದೆ, ಕಂಪ್ಯೂಟರ್ ಅದರಿಂದ ಒಂದೊಂದು ಮನೆಯ ಅಂಕಿ ಬಿಡಿಸುತ್ತದೆ. ಹೌನ್ಸ್‌ಫೀಲ್ಡ್ ಮೊದಲು ಲೇತ್ ಮೆಷಿನ್ನಿನ ಮೇಲೆ ಗಾಮಾ ಕಿರಣದ ಮೂಲ ಕೂರಿಸಿ ಪ್ರಯೋಗ ಮಾಡಿದರು. 28,000 ಅಳತೆಗೆ 9 ದಿನ ಹಿಡಿಯಿತು, ಲೆಕ್ಕ ಬಿಡಿಸಲು ದೊಡ್ಡ ಕಂಪ್ಯೂಟರಿಗೆ ಎರಡೂವರೆ ಗಂಟೆ. ಎಕ್ಸ್-ರೇ ಟ್ಯೂಬ್ ಹಾಕಿದ ಮೇಲೆ ಆ 9 ದಿನ 9 ಗಂಟೆಗೆ ಇಳಿಯಿತು.

ಅವರ ಪ್ರಯೋಗಗಳಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಇನ್ನೊಂದು. ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟಿದ್ದ ಮಿದುಳಿನ ಸ್ಕ್ಯಾನ್‌ನಲ್ಲಿ ಮಿದುಳಿನ ಒಳಭಾಗಗಳು ಬಹಳ ಸ್ಪಷ್ಟವಾಗಿ ಕಂಡವು. ಅಷ್ಟಕ್ಕೇ ಅವರು ಖುಷಿಪಟ್ಟು ಸುಮ್ಮನಾಗಲಿಲ್ಲ. ಪರೀಕ್ಷಿಸಿ ನೋಡಿದಾಗ ಆ ಸ್ಪಷ್ಟತೆಯನ್ನು ಫಾರ್ಮಲಿನ್ ಜಾಸ್ತಿ ಮಾಡಿ ತೋರಿಸಿತ್ತು. ಆಗ ಎತ್ತಿನ ತಾಜಾ ಮಿದುಳು ತರಿಸಿ ಮತ್ತೆ ಅಳೆದರು. ಒಳಭಾಗಗಳ ನಡುವಿನ ವ್ಯತ್ಯಾಸ ಕಡಿಮೆಯಾಯಿತು, ಆದರೂ ಗುರುತಿಸುವಷ್ಟು ಇತ್ತು. ಚಂದದ ಚಿತ್ರ ಬಂದಾಗಲೂ ಹೀಗೆ ಅನುಮಾನಿಸುವ ಗುಣ ನಮ್ಮ ವೃತ್ತಿಗೆ ಇವತ್ತಿಗೂ ಬೇಕು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆಯಿತು. ಜೊತೆಗಿದ್ದವರು ರೇಡಿಯಾಲಜಿಸ್ಟ್ ಜೇಮ್ಸ್ ಆಂಬ್ರೋಸ್. ಮಿದುಳಿನ ಮುಂಭಾಗದಲ್ಲಿ ಗೆಡ್ಡೆ ಇರಬಹುದೆಂದು ಅನುಮಾನವಿದ್ದ ಮಹಿಳೆ ಆಕೆ. ಚಿತ್ರದಲ್ಲಿ ಇದ್ದದ್ದು 80 ಅಡ್ಡ, 80 ಉದ್ದ, ಒಟ್ಟು 6,400 ಚುಕ್ಕಿ. ಈಗ ದೇಹದ ಒಂದು ಅಡ್ಡ ಹೋಳಿನ ಚಿತ್ರದಲ್ಲಿ, ಅಂದರೆ ಒಂದು ಸ್ಲೈಸ್‌ನಲ್ಲಿ ಸಾಮಾನ್ಯವಾಗಿ 512 ಅಡ್ಡ, 512 ಉದ್ದ ಚುಕ್ಕಿ ಇರುತ್ತವೆ. ಅಂಥ ಒರಟು ಚಿತ್ರದಲ್ಲೂ ಗೆಡ್ಡೆ ಕಂಡಿತು.

ಲೆಕ್ಕದ ದಾರಿಯನ್ನು ಬೇರೆಯಾಗಿ ಕಂಡುಕೊಂಡಿದ್ದವರು ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ 1956ರಲ್ಲಿ ಆಸ್ಪತ್ರೆಯ ಕೆಲಸ ನೋಡಿಕೊಳ್ಳುವಾಗ ಅವರಿಗೆ ಈ ಪ್ರಶ್ನೆ ಹುಟ್ಟಿತು. 1963 ಮತ್ತು 1964ರಲ್ಲಿ ಪ್ರಬಂಧ ಪ್ರಕಟಿಸಿದರು, ಯಾರೂ ಅಷ್ಟಾಗಿ ಗಮನಿಸಲಿಲ್ಲ. ಪ್ರತಿ ಕಳಿಸಿ ಎಂದು ಕೇಳಿದವರಲ್ಲಿ ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರವೂ ಇತ್ತು! ಇದೇ ಗಣಿತವನ್ನು ಆಸ್ಟ್ರಿಯಾದ ಯೋಹಾನ್ ರಾಡಾನ್ 1917ರಲ್ಲೇ ಬಿಡಿಸಿದ್ದರು, ಕಾರ್ಮ್ಯಾಕ್‌ಗೆ ಅದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1979ರ ವೈದ್ಯಕೀಯ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಇಬ್ಬರಿಗೂ ಬಂತು.

ಈಗ ವಾಟ್ಸಾಪ್ ಫೋಟೊ ವಿಚಾರಕ್ಕೆ ಬರೋಣ. ಸಿಟಿಯ ಪ್ರತಿ ಚುಕ್ಕಿಗೂ ಒಂದು ಅಂಕಿ ಇರುತ್ತದೆ. ಅದರ ಅಳತೆಗೆ ಹೌನ್ಸ್‌ಫೀಲ್ಡ್ ಯೂನಿಟ್ ಎಂದೇ ಹೆಸರು. ನೀರು ಸೊನ್ನೆ, ಗಾಳಿ ಮೈನಸ್ 1000. ಕೊಬ್ಬು ಮೈನಸ್ 100ರ ಆಸುಪಾಸು, ಮಿದುಳು 25ರಿಂದ 40, ಹೆಪ್ಪುಗಟ್ಟಿದ ಹೊಸ ರಕ್ತ 50ರಿಂದ 80, ಗಟ್ಟಿ ಮೂಳೆ 1000 ದಾಟುತ್ತದೆ. ಇಷ್ಟೂ ಅಂಕಿಗೆ ಕಪ್ಪಿನಿಂದ ಬಿಳಿಯವರೆಗೆ ಒಂದೇ ಸಲ ಬಣ್ಣ ಹಂಚಿದರೆ ಮಿದುಳಿಗೂ ರಕ್ತಕ್ಕೂ ವ್ಯತ್ಯಾಸವೇ ಕಾಣದು. ನಮ್ಮ ಕಣ್ಣಿಗೆ ಅಷ್ಟು ಸೂಕ್ಷ್ಮ ಬೂದು ಛಾಯೆಗಳು ತಿಳಿಯುವುದಿಲ್ಲ. ಹಾಗಾಗಿ ಬೇಕಾದ ಭಾಗ ಮಾತ್ರ ಆರಿಸಿಕೊಳ್ಳುತ್ತೇವೆ. ಇದಕ್ಕೆ ನಾವು ವಿಂಡೋ ಅನ್ನುತ್ತೇವೆ.

ಮಿದುಳಿನ ವಿಂಡೋ ಸಾಮಾನ್ಯವಾಗಿ 0ಯಿಂದ 80. ಸೊನ್ನೆಗಿಂತ ಕೆಳಗಿನದೆಲ್ಲ ಕಪ್ಪು, 80ಕ್ಕಿಂತ ಮೇಲಿನದೆಲ್ಲ ಬಿಳಿ. ಇಲ್ಲೇ ಒಂದು ಅಪಾಯ ಇದೆ. ಬುರುಡೆಗೆ ಅಂಟಿಕೊಂಡಂತೆ ತೆಳುವಾಗಿ ಹರಡಿದ ರಕ್ತ ಇದ್ದರೆ, ಮೂಳೆಯೂ ಬಿಳಿ, ರಕ್ತವೂ ಹೆಚ್ಚುಕಡಿಮೆ ಬಿಳಿ. ಎರಡೂ ಒಂದಕ್ಕೊಂದು ಬೆರೆತು ಬುರುಡೆಯೇ ಸ್ವಲ್ಪ ದಪ್ಪವಿದ್ದಂತೆ ತೋರುತ್ತದೆ. ನಾನು ಮೌಸ್ ಎಳೆದು ವಿಂಡೋವನ್ನು 200ರಷ್ಟು ಅಗಲ ಮಾಡಿದರೆ ಮೂಳೆ ಬಿಳಿಯಾಗಿಯೇ ಉಳಿಯುತ್ತದೆ, ರಕ್ತ ಬೂದುಬಣ್ಣಕ್ಕೆ ಇಳಿಯುತ್ತದೆ, ಮಧ್ಯೆ ಗೆರೆ ಬಿಡಿಸಿಕೊಳ್ಳುತ್ತದೆ. ಇನ್ನೂ ಅಗಲ ಮಾಡಿದರೆ ಮೂಳೆಯ ಬಿರುಕು ಕಾಣುತ್ತದೆ. ಲಕ್ವ ಹೊಡೆದ ಮೊದಲ ಗಂಟೆಗಳಲ್ಲಿ ಇದರ ಉಲ್ಟಾ ಕೆಲಸ. ರಕ್ತ ಸಿಗದ ಮಿದುಳಿನ ಭಾಗ ಆಗ ಕೆಲವೇ ಯೂನಿಟ್ ಇಳಿದಿರುತ್ತದೆ, ಅದನ್ನು ಹಿಡಿಯಲು ವಿಂಡೋ 40ಕ್ಕೆ ಕಿರಿದು ಮಾಡಬೇಕು. ಒಂದೇ ಸ್ಲೈಸನ್ನು ಹೀಗೆ ಹಲವು ಬಾರಿ ನೋಡುತ್ತೇವೆ. ಫಿಲ್ಮಿನಲ್ಲಿ ವಿಂಡೋ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ, ಅದರ ಫೋಟೊದಲ್ಲಿ ಇನ್ನಷ್ಟು ವಿವರ ಹೋಗಿರುತ್ತದೆ. ಅಂಕಿಯಂತೂ ಎರಡರಲ್ಲೂ ಇಲ್ಲ.

ಈಚಿನ ಯಂತ್ರಗಳಲ್ಲಿ ವಿಕಿರಣ ಕಡಿಮೆಯಾದಷ್ಟೂ ಚಿತ್ರದಲ್ಲಿ ಹೆಚ್ಚುವ ಕಾಳುಕಾಳು ಚುಕ್ಕಿಗಳ ಗದ್ದಲವನ್ನು ತೊಳೆಯುವ ಕೆಲಸ ಎಐಗೆ ಬಂದಿದೆ. ಇದರಿಂದ ಕಡಿಮೆ ವಿಕಿರಣದಲ್ಲೇ ಒಳ್ಳೆ ಚಿತ್ರ ಸಿಗುತ್ತದೆ. ಮಕ್ಕಳಿಗೆ, ಪದೇಪದೇ ಸ್ಕ್ಯಾನ್ ಬೇಕಾಗುವ ಕ್ಯಾನ್ಸರ್ ರೋಗಿಗಳಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ನಾನು ಇದರ ಪರ. ಆದರೆ ವಿಕಿರಣ ತೀರಾ ಕಡಿಮೆ ಮಾಡಿ ಚಿತ್ರವನ್ನು ತೀರಾ ನುಣುಪು ಮಾಡಿದರೆ, ಯಕೃತ್ತಿನಲ್ಲಿ ಸುತ್ತಲಿನದಕ್ಕಿಂತ ಸ್ವಲ್ಪವೇ ಬೇರೆಯಾಗಿರುವ ಸಣ್ಣ ಗಂಟು ಗದ್ದಲದ ಜೊತೆ ತೊಳೆದುಹೋಗಬಹುದು. ನಮ್ಮ ಕಿರಿಯ ಡಾಕ್ಟರುಗಳಿಗೆ ನಾನು ಫಾರ್ಮಲಿನ್ ಪ್ರಯೋಗದ ಬಗ್ಗೆ ಹೇಳುವುದು ಇಂಥ ಚಿತ್ರ ತೆರೆಯ ಮೇಲಿದ್ದಾಗ.

ನಿಮ್ಮಿಂದ ಆಗಬೇಕಾದ್ದು ಇಷ್ಟೇ: ಸ್ಕ್ಯಾನಿಂಗ್ ಸೆಂಟರಿನಿಂದ ಹೊರಡುವಾಗ ಫಿಲ್ಮ್, ರಿಪೋರ್ಟ್ ಜೊತೆ ಸಿಡಿ ಅಥವಾ ಆನ್‌ಲೈನ್ ಲಿಂಕ್ ಕೇಳಿ ಪಡೆಯಿರಿ. ಅದರಲ್ಲಿ ಚಿತ್ರಗಳು ಡೈಕಾಮ್ ಎಂಬ ರೂಪದಲ್ಲಿ, ಅಂಕಿಗಳ ಸಮೇತ ಇರುತ್ತವೆ. 'ತೆಳು ಸ್ಲೈಸ್‌ಗಳನ್ನೂ ಹಾಕಿಕೊಡಿ' ಎಂದು ಹೇಳಿ. ಬೇರೆ ಊರಿನ ಡಾಕ್ಟರಿಗೆ ತೋರಿಸಬೇಕಾದರೆ ಅದನ್ನೇ ಕಳಿಸಿ.

ಹಳೆ ಸಿಡಿಯನ್ನು ಎಸೆಯಬೇಡಿ. ಶ್ವಾಸಕೋಶದಲ್ಲಿ 8 ಮಿಲಿಮೀಟರಿನ ಗಂಟು ಕಂಡರೆ ನಾವು ಮೊದಲು ಕೇಳುವುದೇ 'ಹಿಂದೆ ಸ್ಕ್ಯಾನ್ ಮಾಡಿಸಿದ್ರಾ?' ಎಂದು. ಗಂಟು ಗಟ್ಟಿಯದಾಗಿದ್ದು, ಎರಡು ವರ್ಷದ ಹಿಂದಿನ ಸ್ಕ್ಯಾನಿನಲ್ಲೂ ಅದೇ ಅಳತೆಯಲ್ಲಿದ್ದರೆ, ಸಾಮಾನ್ಯವಾಗಿ ಎದೆಗೆ ಸೂಜಿ ಹಾಕಿ ಪರೀಕ್ಷೆ ಮಾಡುವ ಅಗತ್ಯ ಬರುವುದಿಲ್ಲ.