ಹೃತ್ಕರ್ಣ ಕಂಪನ: ಕಿವಿಯ ಕಾಯಿಲೆಗೆ ಆಘಾತದ ಹೆಸರು ಬೇಡ

‘ದಪ್ಪ ಇರುವವರಿಗೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯಾಘಾತ, ಬರುವುದು ಜಾಸ್ತಿ.’ ಈ ಸಾಲು ಮತ್ತೆ ಕಣ್ಣಿಗೆ ಬಿತ್ತು. ಮೊದಲರ್ಧ ನಿಜ. ಆ ‘ಅಂದರೆ’ ಮಾತ್ರ ತಪ್ಪು. ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ತಪ್ಪುವುದು ಹೃದಯ ಬಡಿತದ ತಾಳ.

ಇದಕ್ಕೆ ಕನ್ನಡದಲ್ಲಿ ಹೃತ್ಕರ್ಣ ಕಂಪನ ಎನ್ನುತ್ತೇವೆ. ಪದವನ್ನು ಬಿಡಿಸಿ ನೋಡಿ. ಹೃತ್ಕರ್ಣ ಎಂದರೆ ಹೃದಯದ ಕಿವಿ, ಹೃತ್ಕುಕ್ಷಿ ಎಂದರೆ ಹೃದಯದ ಹೊಟ್ಟೆ. ಲ್ಯಾಟಿನ್ ಮೂಲದ ಆರಿಕಲ್, ವೆಂಟ್ರಿಕಲ್ ಪದಗಳಿಗೂ ಪುಟ್ಟ ಕಿವಿ, ಪುಟ್ಟ ಹೊಟ್ಟೆ ಎಂದೇ ಅರ್ಥ. ಹೃತ್ಕರ್ಣಗಳಿಗೆ, ಅಂದರೆ ಹೃದಯದ ಮೇಲಿನ ಕೋಣೆಗಳಿಗೆ, ನಿಜಕ್ಕೂ ಕಿವಿಯ ಹಾಗೆ ಒಂದೊಂದು ಸಣ್ಣ ಚೀಲ ಅಂಟಿಕೊಂಡಿದೆ. ಹೆಸರು ಬಂದದ್ದು ಅದರಿಂದ. ಈ ಕಾಯಿಲೆಯಲ್ಲಿ ಭಯ ಇರುವುದೂ ಅಲ್ಲೇ. ಹೃದಯದ ಎಡಗಿವಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು.

ಇನ್ನು ಫಿಬ್ರಿಲ್ ಎಂದರೆ ಸಣ್ಣ ಎಳೆ. ಒಟ್ಟಾಗಿ ಹಿಂಡಬೇಕಾದ ಮಾಂಸದ ಎಳೆಗಳು ತಮ್ಮ ಪಾಡಿಗೆ ತಾವು ಅದುರುತ್ತವೆ. ಕಣ್ಣಿನ ರೆಪ್ಪೆ ಅದುರುತ್ತದಲ್ವಾ, ಹಾಗೆ. ಮೇಲಿನ ಕೋಣೆಯಲ್ಲಿ ನಿಮಿಷಕ್ಕೆ 350ರಿಂದ 600 ಸಲ ವಿದ್ಯುತ್ ಮಿಡಿಯುತ್ತದೆ. ಅದರಲ್ಲಿ ಕೆಲವು ಮಾತ್ರ ಕೆಳಗಿನ ಕೋಣೆಗಳಿಗೆ ದಾಟುತ್ತವೆ, ಅದೂ ಲೆಕ್ಕವಿಲ್ಲದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಒಂದು ಬಡಿತ, ಒಂದು ಬಿಡುವು, ಬೆನ್ನಿಗೇ ಎರಡು, ಆಮೇಲೆ ಉದ್ದನೆಯ ಬಿಡುವು. ‘ಎದೆ ಡವಡವ’ ಎಂದಷ್ಟೇ ಬರೆದರೂ ಸಾಲದು. ಎಷ್ಟೋ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ. ಖಚಿತವಾಗುವುದು ಇಸಿಜಿಯಲ್ಲಿ. ಕೆಳಗಿನ ‘ಹೊಟ್ಟೆ’ ಹೀಗೆ ಅದುರಿದರೆ ಮಾತ್ರ ಕತೆ ಬೇರೆ: ರಕ್ತದ ಓಟ ಅಲ್ಲಿಗೇ ನಿಲ್ಲುತ್ತದೆ, ತಕ್ಷಣ ಚಿಕಿತ್ಸೆ ಸಿಗದಿದ್ದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ದಯವಿಟ್ಟು ಇವೆರಡನ್ನು ಬೆರೆಸಬೇಡಿ.

ತೂಕಕ್ಕೂ ಇದಕ್ಕೂ ಏನು ನಂಟು? ‘ಕೊಬ್ಬು ನಾಳವನ್ನು ಮುಚ್ಚುತ್ತದೆ’ ಎಂಬ ಹಳೇ ವಿವರಣೆ ಇಲ್ಲಿಗೆ ಹೊಂದುವುದಿಲ್ಲ. ಬೊಜ್ಜಿನ ಜೊತೆ ಬಿಪಿ ಏರುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಎಡಗಡೆಯ ಮೇಲಿನ ಕೋಣೆ ಹಿಗ್ಗುತ್ತದೆ. ಹೃದಯಕ್ಕೆ ಅಂಟಿಕೊಂಡ ಕೊಬ್ಬು ಪಕ್ಕದ ಮಾಂಸವನ್ನು ಕೆರಳಿಸುತ್ತದೆ. ಆ ಮಾಂಸ ಹೀಗೆ ಕಲೆಗಟ್ಟಿದ ಜಾಗದಲ್ಲಿ ವಿದ್ಯುತ್ ದಾರಿ ತಪ್ಪುತ್ತದೆ.

ಹಾಗಾದರೆ ತೂಕ ಇಳಿಸಿದರೆ? ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ, ತೂಕ ಜಾಸ್ತಿ ಇದ್ದ 355 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಲೆಗಸಿ ಅಧ್ಯಯನ ನೋಡಿ. 10% ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಸುಮಾರು 46% ಮಂದಿ ತಾಳ ಸರಿಪಡಿಸುವ ಮಾತ್ರೆಯಾಗಲಿ ಅಬ್ಲೇಶನ್ (ತಾಳ ಕೆಡಿಸುವ ಜಾಗವನ್ನು ನಿಷ್ಕ್ರಿಯಗೊಳಿಸುವ ಚಿಕಿತ್ಸೆ) ಆಗಲಿ ಇಲ್ಲದೆ, ಮತ್ತೆ ತಾಳ ತಪ್ಪದೆ ಇದ್ದರು. 3% ಕೂಡ ಇಳಿಸದವರಲ್ಲಿ ಹಾಗಿದ್ದವರು 13% ಮಾತ್ರ. ನೂರು ಕೆ.ಜಿ. ಇರುವವರಿಗೆ 10% ಎಂದರೆ ಹತ್ತು ಕೆ.ಜಿ. ತೂಕವನ್ನು ಇಳಿಸಿ, ಏರಿಸಿ, ಮತ್ತೆ ಇಳಿಸಿದವರಿಗೆ ಲಾಭ ಕಡಿಮೆಯಾಯಿತು.

ಇದನ್ನು ‘ವಾಸಿಯಾಗುತ್ತದೆ’ ಎಂದು ಬರೆಯುವವರಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಜನರಿಗೆ ಹಾಗಾಗಿಲ್ಲ ಎಂಬುದು ಅದೇ ಅಂಕಿಯಲ್ಲಿದೆ. ‘ಹತೋಟಿಗೆ ಬರುತ್ತದೆ’ ಎನ್ನಿ, ಸಾಕು. ವಾಸಿಯಾಯಿತು ಎಂದುಕೊಂಡು ಸುಮ್ನೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರೆ, ಆ ಪುಟ್ಟ ಕಿವಿಯಲ್ಲಿ ಹೆಪ್ಪು ಕಟ್ಟಬಹುದು. ಮಾತ್ರೆ ಬೇಕೋ ಬೇಡವೋ ಎಂದು ಡಾಕ್ಟರು ಹೇಳಬೇಕು, ತೂಕದ ಯಂತ್ರ ಅಲ್ಲ.